ದೊಡ್ಡವ್ವನ ದನಿಗೊಂದು ಫ್ಲ್ಯಾಂಜರ್

ಗುಂಡಿ ಕಂಡರೆ ತಿರುವದೆ ಬಿಡುವವನಲ್ಲ ನಾನು. ಮಿಕ್ಸರ್, ಫ್ಯಾನಿನ ರೆಗ್ಯುಲೇಟರ್, ಬೀಗರ ಮನೆಯ ಗೀಸರ್, ಯಾವುದನ್ನೂ ಬಿಟ್ಟಿಲ್ಲ. ಯಾರದಾದರೂ ಮನೆಗೆ ಹೊರಟರೆ ಹೆಂಡತಿ ಹೊಸ್ತಿಲಲ್ಲೇ "ಕೈ ಕಿಸೆದಾಗ ಇಟಗೋರಿ" ಎಂದು ಎಚ್ಚರಿಸುತ್ತಾಳೆ. ಇಂಥವನ ಕೈಗೆ ನಮ್ಮ ಚರ್ಚಿನ ಸಭೆಯ ಹಿರಿಯರು ಹೊಚ್ಚ ಹೊಸ ಡಿಜಿಟಲ್ ಸಿಂಥಸೈಜರ್ ಕೊಟ್ಟರು. ಮಂಗನ ಕೈಯಲ್ಲಿ ಮಾಣಿಕ್ಯ ಎಂಬ ಮಾತನ್ನು ಪಾಪ, ಅವರು ಕೇಳಿರಲಿಕ್ಕಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರ್. ವಾರವಿಡೀ ಮಂದಿಯ ಬಾಯಿ ತೆಗೆಸುತ್ತೇನೆ; ಭಾನುವಾರ ಧಾರವಾಡದ ನಮ್ಮ ಹಳೆಯ ಚರ್ಚಿನಲ್ಲಿ ಗಾಯನ ಮಂಡಳಿಗೆ ಪೇಟಿ ಬಾರಿಸುತ್ತೇನೆ. ಹಳೆಯ ಪೇಟಿ ಉಸಿರು ಬಿಟ್ಟ ಮೇಲೆ ಈ ಯಂತ್ರ ಬಂತು; ನಮ್ಮ ಮಂದಿಗೆ ಇದೂ ಪೇಟಿಯೇ. ಇದರಲ್ಲಿ ನೂರಾರು ಬಗೆಯ ಸ್ವರ, ಆ ಸ್ವರಗಳ ಮೇಲೆ ಸವರಲು ಹತ್ತಾರು ಎಫೆಕ್ಟು. ಅವುಗಳಲ್ಲಿ ನನ್ನನ್ನು ಮರುಳು ಮಾಡಿದ್ದು ಫ್ಲ್ಯಾಂಜರ್.

ಹಾಗಂದರೇನು ಅಂತೀರಾ? ಯಂತ್ರ ನಿಮ್ಮ ಸ್ವರದ್ದೇ ಒಂದು ನಕಲು ಮಾಡಿ, ಅದನ್ನು ಕೂದಲೆಳೆಯಷ್ಟು ತಡವಾಗಿ ಅಸಲಿನ ಜೊತೆಗೇ ಬಿಡುತ್ತದೆ. ಆ ತಡವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಹೋದರೆ ಅಸಲು ನಕಲು ಒಂದಕ್ಕೊಂದು ತಿಕ್ಕಾಡಿ ಸ್ವರ ಸುಯ್ಯೆಂದು ಅಲೆಯಾಡುತ್ತದೆ. ಹಿಂದೆ ಸ್ಟುಡಿಯೋಗಳಲ್ಲಿ ಒಂದೇ ಹಾಡಿನ ಎರಡು ಟೇಪುಗಳನ್ನು ಒಟ್ಟಿಗೆ ಓಡಿಸಿ, ಒಂದರ ಸುರುಳಿಯ ಅಂಚಿಗೆ ಬೆರಳೊತ್ತಿ ತುಸು ತಡೆಯುತ್ತಿದ್ದರಂತೆ. ಇದನ್ನು ಓದಿ ನನಗೇನೂ ಬೆರಗಾಗಲಿಲ್ಲ. ಮುಂದಿನ ಬೆಂಚಿನವರು ಹಾಡಿದ್ದನ್ನೇ ಹಿಂದಿನ ಬೆಂಚಿನವರು ಅರ್ಧ ಮಾತ್ರೆ ತಡವಾಗಿ ಹಾಡುವ ಪದ್ಧತಿ ನಮ್ಮ ಸಭೆಯಲ್ಲಿ ಅಜ್ಜಂದಿರ ಕಾಲದಿಂದ ಇದೆ. ಅದಕ್ಕೆ ಕರೆಂಟೂ ಬೇಕಿಲ್ಲ.

ಈಗ ದೊಡ್ಡವ್ವನ ವಿಷಯಕ್ಕೆ ಬರಬೇಕು. ನನ್ನ ತಾಯಿಯ ಅಕ್ಕ, ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿ. ಸುಗ್ಗಿ ಹಬ್ಬದ ಆರಾಧನೆಯಲ್ಲಿ ಹೆಬ್ಬಳ್ಳಿಯ ಜೋಳ, ಮುಗದದ ಅಕ್ಕಿ ಎಲ್ಲ ಬಂದು ವೇದಿಯ ಮುಂದೆ ಕೂತ ಮೇಲೆ, ಕೃತಜ್ಞತೆಯ ಗೀತೆಯ ಎರಡನೆಯ ಚರಣವನ್ನು ಅವಳೊಬ್ಬಳೇ ಹಾಡಬೇಕು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅದು ಅವಳ ಚರಣ. ಈ ವರ್ಷ ಒಲ್ಲೆ ಎಂದುಬಿಟ್ಟಳು.

"ದನಿ ನಡಗ್ತೈತಪಾ. ಮಂದಿ ಅಯ್ಯೋ ಪಾಪ ಅಂತಾರ. ಬೈದ್ರ ತಡಕೋತೇನಿ, ಪಾಪ ಅಂದ್ರ ನನ್ನ ಕಡೆ ತಡಕೊಳ್ಳಾಕ ಆಗಾಂಗಿಲ್ಲ."

ಹುಬ್ಬಳ್ಳಿಯಲ್ಲಿ ಎಂಥೆಂಥವರ ಬಾಯಿ ತೆಗೆಸಿದ ನನಗೆ ದೊಡ್ಡವ್ವನ ಬಾಯಿ ತೆಗೆಸುವುದು ಆಗಲಿಲ್ಲ. ತಮಾಷೆ ಬಿಡಿ, ಮನಸ್ಸಿಗೆ ಬಹಳ ಕೆಡುಕೆನಿಸಿತು. ಅವಳ ಚರಣವಿಲ್ಲದ ಸುಗ್ಗಿ ಹಬ್ಬವೇ ನನಗೆ ಬೇಡವಾಗಿತ್ತು.

ಹಬ್ಬದ ಹಿಂದಿನ ದಿನ ತಾಲೀಮು. ಎಲ್ಲರೂ ಬರುವ ಮೊದಲೇ ಹೋಗಿ ಫ್ಲ್ಯಾಂಜರ್ ಜೊತೆ ಆಟವಾಡಿ, ಅಲೆಯ ಆಳ ಹೆಚ್ಚಿಸುವ ಡೆಪ್ತ್ ಗುಂಡಿಯನ್ನು ಪೂರ್ತಿ ಏರಿಸಿ ಹಾಗೇ ಮರೆತಿದ್ದೆ. ಮೊದಲ ಸ್ವರ ಒತ್ತಿದ್ದೇ ತಡ, ಚಾವಣಿಯ ಮೇಲೆ ವಿಮಾನ ಇಳಿದಂತಾಯಿತು. ಸಭೆಯ ಹಿರಿಯರೊಬ್ಬರು ಕನ್ನಡಕ ತೆಗೆದು, "ಡಾಕ್ಟರ್ ಸಾಹೇಬ್ರ, ಇದು ಚರ್ಚೋ, ಗೋಕುಲ ರೋಡಿನ ಏರ್‌ಪೋರ್ಟೋ?" ಎಂದರು. ಮಂಡಳಿ ಬಿದ್ದು ಬಿದ್ದು ನಕ್ಕಿತು. ಸುಮ್ಮನೆ ಕೇಳಲಿಕ್ಕೆಂದು ಬಂದು ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಏ ತಮ್ಮಾ, ನಿನ್ನ ಪೇಟಿ ನನಗಿಂತ ಜಾಸ್ತಿ ನಡಗಾಕತ್ತೈತಲ್ಲೋ!"

ಆಗ ಹೊಳೆಯಿತು ನೋಡಿ. ನೆಟ್ಟಗಿನ ಗೋಡೆಯ ಪಕ್ಕ ನಿಂತಾಗಲ್ಲವೇ ನಮ್ಮ ಬೆನ್ನಿನ ಗೂನು ಕಾಣುವುದು? ಪೇಟಿಯ ಸ್ವರವೂ ಒಂದಿಷ್ಟು ನಡುಗಿದರೆ, ನಡುಗುತ್ತಿರುವವರು ಯಾರೆಂದು ಯಾರಿಗೆ ತಿಳಿದೀತು? ಎಲ್ಲರೂ ಹೋದ ಮೇಲೆ, "ದೊಡ್ಡವ್ವಾ, ಪೇಟಿ ಕೆಟ್ಟೈತೇನ ನೋಡೂಣು, ಒಂದೀಟ ಗುನುಗು" ಎಂದೆ. ಗುನುಗಿದಳು. ನಾನು ಡೆಪ್ತ್ ಇಳಿಸಿದೆ. ಅಲೆಯ ವೇಗದ ಗುಂಡಿಯನ್ನು ಅವಳ ನಡುಕದ ಹೆಜ್ಜೆಗೆ ಕೂಡುವವರೆಗೆ ಕೂದಲೆಳೆಯಷ್ಟೇ ಏರಿಸುತ್ತ ಹೋದೆ. ಜನ್ಮದಲ್ಲಿ ಮೊದಲ ಸಲ ಒಂದು ಗುಂಡಿಯನ್ನು ಏನೋ ಉಪಯೋಗಕ್ಕೆಂದು ತಿರುವಿದ್ದೆ. "ಕೆಟ್ಟಿಲ್ಲ ಬಿಡು, ನಾಳೆ ನಿನ್ನ ಚರಣಕ್ಕ ನಾ ಸ್ವರ ಹಿಡಿದಿರ್ತೇನಿ. ಎದ್ದರ ಏಳು, ಇಲ್ಲಾಂದ್ರ ಇಲ್ಲ" ಎಂದೆ.

ಮರುದಿನ ಮೊದಲ ಚರಣ ಮುಗಿಸಿ ಮಂಡಳಿ ನಿಂತಿತು. ನಾನು ಸ್ವರ ಹಿಡಿದು ಕಾಯ್ದೆ. ಅದು ಮೆಲ್ಲಗೆ ನಡುಗುತ್ತಿತ್ತು. ಮೂರನೆಯ ಬೆಂಚಿನಿಂದ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದಳು, ಇಡೀ ಚರಣ ಹಾಡಿದಳು. ನನ್ನ ಕಣ್ಣು ಮಂಜಾಗಿ ಎರಡು ಕಡೆ ತಪ್ಪು ಸ್ವರದ ಮನೆ ಒತ್ತಿದೆ. ಅಂದು ಯಾರಾದರೂ ಪಾಪ ಅಂದಿದ್ದರೆ ಅದು ನನಗೇ ಇರಬೇಕು.

ಆರಾಧನೆ ಮುಗಿದ ಮೇಲೆ ಕೋಟೆ ಗೆದ್ದವನಂತೆ ಅವಳ ಮುಂದೆ ಹೋಗಿ ನಿಂತೆ. ದೊಡ್ಡವ್ವ ಕೈ ಎತ್ತಿ, ಐವತ್ತೆರಡು ವರ್ಷದ ಡಾಕ್ಟರನ ಕಿವಿ ಹಿಂಡಿದಳು.

"ನನ್ನ ಸಲುವಾಗಿ ಪೇಟಿ ನಡಗಿಸಿದಿ. ಮುದುಕಿಗೆ ತಿಳಿಯಾಂಗಿಲ್ಲ ಅಂತ ತಿಳದಿ ಏನ?"

"ತಪ್ಪಾತು ದೊಡ್ಡವ್ವಾ."

"ಕ್ರಿಸ್‌ಮಸ್ಸಿಗೂ ನಾನ ಹಾಡಾಕಿ. ಆವಾಗ ನೀ ಸೀದಾ ಬಾರಿಸು. ನಡಗೂದು ನನಗ ಬಿಡು, ನನಗ ರೂಢಿ ಐತಿ."