ಕ್ಯಾತಣ್ಣ ಕಿವಿಯಲ್ಲಿ ಹೇಳಿದ ಲೆಕ್ಕ

ಅದು 2008. ನಾನಾಗ ಹೊಸದುರ್ಗದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಮೈಕ್ರೋಸ್ಕೋಪಿನಲ್ಲಿ ನೂರು ಬಿಳಿ ರಕ್ತಕಣ ನೋಡಿ, ಯಾವ ಬಗೆಯವು ಎಷ್ಟಿವೆ ಎಂದು ಎಣಿಸುವುದು ನನ್ನ ಕೆಲಸ. ಎಣಿಸಿದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುವುದು ನನ್ನ ಚಾಳಿ.

ಬಾಗೂರು ಕಡೆಯ ಕುರಿಗಾಹಿ ಕ್ಯಾತಣ್ಣನಿಗೆ ಕುತ್ತಿಗೆಯಲ್ಲಿ ಗಡ್ಡೆಗಳೆದ್ದಿದ್ದವು. ಲಿಂಫೋಮಾ ಎಂಬ ಕ್ಯಾನ್ಸರ್. ದಾವಣಗೆರೆಯಲ್ಲಿ ಚಿಕಿತ್ಸೆ, ಪ್ರತಿ ಸಲ ಅಲ್ಲಿಗೆ ಹೋಗುವ ಮುಂಚೆ ನಮ್ಮಲ್ಲಿ ರಕ್ತ ಕೊಡುತ್ತಿದ್ದರು. ಮೊದಲ ದಿನ ನಾನು ಎಂದಿನಂತೆ, ನ್ಯೂಟ್ರೋಫಿಲ್ ಎಂಬತ್ತು, ಲಿಂಫೋಸೈಟ್ ಹತ್ತು ಎಂದು ಕೂಗಿದೆ. ಬೆಂಚಿನ ಮೇಲಿದ್ದ ಅವರು ಎದ್ದೇ ಬಂದರು.

"ಬಾಯ್ಬಿಟ್ಟು ಲೆಕ್ಕ ಹೇಳ್ಬ್ಯಾಡ ಕಣವ್ವ. ನಾವು ಕುರಿ ಲೆಕ್ಕನೂ ಯಾರಿಗೂ ಹೇಳಲ್ಲ. ಹೇಳಿದ್ರೆ ಮಂದೆ ಕರಗ್ತೈತೆ."

ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲವಂತೆ. ನನಗೆ ನಗು ಬಂತು. ಆದರೆ ಯಾರಾದರೂ ಕೇಳಿಸಿಕೊಂಡರೇ ಎಂದು ಅವರು ಬಾಗಿಲಾಚೆ ಇಣುಕುವುದು ಕಂಡು ನಾಚಿಕೆಯಾಯಿತು. ಅಂದಿನಿಂದ ರಿಪೋರ್ಟನ್ನು ಮಡಚಿಯೇ ಕೊಟ್ಟೆ.

"ಮಂದೆ ಹೆಂಗೈತವ್ವ?" ಎಂದು ಅವರು ತಮ್ಮ ರಕ್ತದ ವಿಷಯ ಕೇಳುತ್ತಿದ್ದರು. ಮೇಯುತ್ತಿವೆ ಅನ್ನುತ್ತಿದ್ದೆ. ಕಣಗಳು ತೀರಾ ಇಳಿದಿದ್ದ ದಿನ, ಸ್ವಲ್ಪ ದಣಿದಿವೆ ಅನ್ನುತ್ತಿದ್ದೆ.

ಚಿಕಿತ್ಸೆ ಮುಗಿಯಿತು, ಗಡ್ಡೆಗಳು ಕರಗಿದವು. ಮೂರು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ ಎಂದರು ಡಾಕ್ಟರು. ನ್ಯೂಟ್ರೋಫಿಲ್ ಬಹಳ ಹೆಚ್ಚಿ ಲಿಂಫೋಸೈಟ್ ಕಡಿಮೆಯಾಗಿದ್ದರೆ ಕಾಯಿಲೆ ಮರಳಬಹುದೆಂಬ ಅನುಮಾನ. ಅದೊಂದನ್ನೇ ನಂಬುವಂತಿಲ್ಲ, ಆದರೂ ನೋಡಬೇಕು ಎಂದು ನನಗೆ ಫೋನಿನಲ್ಲಿ ವಿವರಿಸಿದರು.

ಆ ದಿನ ಎರಡು ಸಲ ಎಣಿಸಿದೆ. ಅರವತ್ತು, ಮೂವತ್ತು! ಎಂಟಕ್ಕೆ ಒಂದಿದ್ದದ್ದು ಎರಡಕ್ಕೆ ಒಂದಾಗಿತ್ತು. ಕೂಗಬೇಕೆಂದು ಬಾಯಿ ತೆರೆದವಳು ಸಂಖ್ಯೆಯನ್ನು ನುಂಗಿಕೊಂಡು, "ಮಂದೆ ಚೆನ್ನಾಗೈತೆ, ಕ್ಯಾತಣ್ಣ" ಎಂದಷ್ಟೇ ಹೇಳಿದೆ. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದರು.

ವಾರದ ನಂತರ ಒಂದು ತಂಬಿಗೆ ಗಿಣ್ಣು ಹಿಡಿದು ಬಂದರು. ಎಲ್ಲ ಪರೀಕ್ಷೆ ನೋಡಿದ ಡಾಕ್ಟರು ಕಾಯಿಲೆಯ ಸುಳಿವೇ ಇಲ್ಲ ಎಂದಿದ್ದರಂತೆ. ನನಗೆ ಕಣ್ಣು ತುಂಬಿ ಬಂತು. ಕ್ಯಾತಣ್ಣ ನನ್ನನ್ನು ಹೊರಗೆ ಕರೆದು, ಆಚೀಚೆ ನೋಡಿ, ಕಿವಿಯ ಹತ್ತಿರ ಬಗ್ಗಿ ತಮ್ಮ ರೊಪ್ಪದಲ್ಲಿ ಎಷ್ಟು ಕುರಿಗಳಿವೆ ಎಂದು ಹೇಳಿದರು.

"ನಮ್ಮನೆಯೋಳ್ಗೂ ಗೊತ್ತಿಲ್ಲ ಕಣವ್ವ," ಎಂದು ನಕ್ಕರು.

ನನಗೆ ಸಿಕ್ಕ ಅತಿ ದೊಡ್ಡ ಉಡುಗೊರೆ ಅದು. ಬೀದಿಗೆಲ್ಲ ಕೇಳುವಂತೆ ಮಾತಾಡುವ ನಾನು ಆ ಸಂಖ್ಯೆಯನ್ನು ಈವರೆಗೂ ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.