ಪೂಜೆಯಾದ ಮೇಲೆ ಯಾರೂ ಪರೀಕ್ಷಿಸದ ಪೋರ್ಟ್

ಮೊನ್ನೆ ಯಳಂದೂರಿನ ಒಂದು ಕಚೇರಿಯಲ್ಲಿ, ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆ ತೆಗೆದೆ. ಒಣಗಿದ ಸೇವಂತಿಗೆ, ವಿಭೂತಿ, ಊದುಬತ್ತಿ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಆಯುಧಪೂಜೆ ಮಾಡಿ ಹಾಗೇ ಬಿಟ್ಟಿದ್ದರು. ಜೊತೆಯಲ್ಲಿದ್ದವರಿಗೆ ನಗು ಬಂತು. ನನಗೆ ಮೈಯೆಲ್ಲ ಉರಿಯಿತು... ಪಕ್ಕದ ಮನೆಯ ಅಕ್ಕ ನೆನಪಾದರು.

ಕೊಳ್ಳೇಗಾಲದಲ್ಲಿ ನಮ್ಮ ಬಾಡಿಗೆ ಮನೆಗೆ ಅಂಟಿಕೊಂಡೇ ಅವರ ಮನೆ. ಲೊಕ್ಕನಹಳ್ಳಿ ಕಡೆಯವರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನ ಕೆಲಸ. ಬಾಯಿ ಜೋರು. ಬೈಕ್ ಅಡ್ಡ ನಿಲ್ಲಿಸಿದ್ದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಬೈದು, ಸಂಜೆ ತಾವೇ ಬಸ್ಸಾರಿನ ಬಟ್ಟಲು ಹಿಡಿದು ಬರುತ್ತಿದ್ದರು. ಆದರೆ ಯಾರ ರಕ್ತದಲ್ಲಿ ಏನಿದೆ ಅನ್ನುವುದನ್ನು ಮಾತ್ರ ಬಾಯಿ ಬಿಟ್ಟವರಲ್ಲ. ನನ್ನ ತಂಗಿಯ ವರದಿ ಏನಾಯಿತು ಅಂತ ಕೇಳಿದ್ದಕ್ಕೇ, "ಅವಳ್ನೇ ಕೇಳ್ಕೊ ಓಗು" ಅಂತ ಬಾಗಿಲು ಹಾಕಿಕೊಂಡಿದ್ದರು.

ಒಂದು ವರ್ಷ ಆಯುಧಪೂಜೆ ಕಳೆದ ಮೇಲೆ, ಮದುವೆ ಗೊತ್ತಾಗಿದ್ದ ಹನೂರಿನ ಹುಡುಗಿಯೊಬ್ಬಳ ರಕ್ತದ ವರದಿ ಊರೂರಿನ ಫೋನುಗಳಲ್ಲಿ ಓಡಾಡಿತು. ಮದುವೆ ಮುರಿಯಿತು. ಲ್ಯಾಬಿನ ಕಂಪ್ಯೂಟರ್ ಇದ್ದದ್ದು ಅಕ್ಕನ ಕೈಯಲ್ಲಿ. ಆಸ್ಪತ್ರೆಯ ಮ್ಯಾನೇಜರ್ ಬೀದಿಯಲ್ಲಿ ನಿಂತು ಅವರನ್ನು ಕಳ್ಳಿ ಅಂದ, ಕೆಲಸದಿಂದ ತೆಗೆದ. ಆಮೇಲೆ ನೆಟ್‌ವರ್ಕ್ ನೋಡಲು ನನ್ನನ್ನು ಕರೆಸಿದ.

ಸ್ವಿಚ್ಚಿಗೆ ಭದ್ರ ಕಾವಲು ಹಾಕಿಸಿದ್ದೇನೆ ಅಂತ ಬೀಗಿದ. ಅಂದರೆ ಗೋಡೆಯ ಯಾವ ಪೋರ್ಟಿಗೆ ಕೇಬಲ್ ಸಿಕ್ಕಿಸಿದರೂ ಕಂಪ್ಯೂಟರ್ ಮೊದಲು ತನ್ನ ಗುರುತು ಸಾಬೀತು ಮಾಡಬೇಕು. ಇಲ್ಲದಿದ್ದರೆ ಸ್ವಿಚ್ ಅದನ್ನು ಒಳಗೆ ಬಿಡಬಾರದು. ರೋಗಿಗಳು ಕೂರುವ ಹಜಾರದ ಪೋರ್ಟಿಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಯಾವ ಗುರುತನ್ನೂ ಕೇಳಲಿಲ್ಲ. ಲ್ಯಾಬಿನ ವರದಿಗಳೆಲ್ಲ ಅವನ ಕಣ್ಣೆದುರೇ ತೆರೆದುಕೊಂಡವು. ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ಆ ಹುಡುಗಿಯ ವರದಿಯನ್ನು ತೆರೆದದ್ದೂ ಅದೇ ಹಜಾರದಿಂದ, ಆಸ್ಪತ್ರೆಗೆ ಸೇರದ ಯಾವುದೋ ಕಂಪ್ಯೂಟರಿನಿಂದ.

ಆಗಿದ್ದಿಷ್ಟೇ. ಕಾವಲಿನ ಸೆಟ್ಟಿಂಗ್ ಹಾಕಿದವರು ಅದನ್ನು ಸೇವ್ ಮಾಡಿರಲಿಲ್ಲ. ಸ್ವಿಚ್ ಆನ್ ಇರುವಷ್ಟು ದಿನ ನಡೆಯಿತು. ಆಯುಧಪೂಜೆಗೆ ಎಲ್ಲ ಆಫ್ ಮಾಡಿ, ಒರೆಸಿ, ವಿಭೂತಿ ಬಳಿದು, ಹೂ ಮುಡಿಸಿ ಮತ್ತೆ ಆನ್ ಮಾಡಿದಾಗ ಅದು ಹಳೆಯ ಸೆಟ್ಟಿಂಗಿಗೆ ಮರಳಿತ್ತು. ಹಸಿರು ದೀಪ ಹತ್ತಿತಲ್ಲ, ಸಾಕು ಅಂತ ಎಲ್ಲರೂ ಕಡ್ಲೆಪುರಿ ತಿಂದು ಮನೆಗೆ ಹೋದರು. ಹೊರಗಿನ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ, ತಡೆಯುತ್ತದೋ ಇಲ್ಲವೋ ಅಂತ ನೋಡುವ ವ್ಯವಧಾನ ಒಬ್ಬನಿಗೂ ಇರಲಿಲ್ಲ. ಥೂ...

ಅಕ್ಕನನ್ನು ವಾಪಸು ಕರೆಸಿ ಅಂದೆ. ಅವನು ಬಾಗಿಲು ಮುಂದೆ ಮಾಡಿ, "ಸರಿ ಮಾಡ್ಬುಟ್ಟು ಸುಮ್ನಿರಿ. ಅವಳ ಕರುದ್ರೆ ತಪ್ಪು ನಮ್ದೇ ಅಂದಂಗಾಯ್ತದೆ" ಅಂದ.

ಅಕ್ಕನಿಗೆ ಎಲ್ಲ ಹೇಳಿದೆ. ಕೆಲಸದ ಮಾತನ್ನೇ ಅವರು ಎತ್ತಲಿಲ್ಲ. "ಬೀದಿಲಿ ನಿಂತ್ಕಂಡು ಕಳ್ಳಿ ಅಂದ. ಅದೇ ಬೀದಿಲಿ ನಿಂತ್ಕಂಡು ಅಲ್ಲ ಅನ್ನಕ್ಕೆ ಯೋಳು ಅವುನ್ಗೆ" ಅಂದರು. ಹೋಗಿ ಹೇಳಿದೆ, ಜಗಳವಾಡಿದೆ. ಅವನು ಜಪ್ಪಯ್ಯ ಅನ್ನಲಿಲ್ಲ. ಅಕ್ಕ ಮನೆ ಖಾಲಿ ಮಾಡಿಕೊಂಡು ಊರಿಗೆ ಹೋದರು.

ಕೆಲವು ವರ್ಷಗಳ ಮೇಲೆ ಲೊಕ್ಕನಹಳ್ಳಿಯಲ್ಲಿ ಅವರನ್ನು ಮಣ್ಣು ಮಾಡುವಾಗಲೂ ನನ್ನ ಹಿಂದೆ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಅದೇ ಕಣ್ಲಾ, ಆಸ್ಪತ್ರೆ ರಿಪೋರ್ಟ್ ಮಾರ್ಕಂಡ್ಲಲ್ಲ, ಅವಮ್ಮ." ತಿರುಗಿ ನಿಂತು, ಅವರು ಮಾರಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅದನ್ನು ಹೇಳಬೇಕಾಗಿದ್ದ ಮ್ಯಾನೇಜರ್ ಇವತ್ತಿಗೂ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಅಕ್ಕ ಇಲ್ಲ.