‘ಖ’ ಕಲಿಸಿದ ಅಕ್ಕೋರು

ಮೊನ್ನೆ ಹಿಪ್ಪರಗಿ ರಸ್ತೆಯಲ್ಲಿ ಒಬ್ಬ ರೈತ ಕಬ್ಬಿನ ಬಂಡಿಯ ಗಾಲಿ ಬಿಚ್ಚಿ ಕೀಲೆಣ್ಣೆ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ಸಾಲೆಯ ಅಕ್ಕೋರು ಕಣ್ಣ ಮುಂದೆ ಬಂದು ನಿಂತರು...

ಅವರದು ಕಾಯಂ ನೌಕರಿಯಲ್ಲ, ವರ್ಷ ವರ್ಷ ಜೂನ್‌ನಲ್ಲಿ ಇಲಾಖೆಯವರು ಹೊಸದಾಗಿ ಕರೆಯಬೇಕು. ಬೀಳಗಿ ಕಡೆಯ ಅವರ ಊರು ಮುಳುಗಡೆಯಾಗಿ ಮನೆ, ಹೊಲ ಎರಡೂ ನೀರಿನ ಪಾಲಾಗಿದ್ದವು. ಅವರಿಗೂ ಅವರ ಮುದಿ ತಾಯಿಗೂ ಈ ಕೆಲಸವೇ ಅನ್ನ.

ನಾನಾಗ ಏಳನೇ ಇಯತ್ತೆ. ಪಾಠದಲ್ಲಿ ‘ಖಗೋಳ ವಿಜ್ಞಾನಿ’ ಎಂಬ ಪದ ಬಂದ ದಿನ ಅಕ್ಕೋರು ನಮ್ಮನ್ನೆಲ್ಲ ಹೊರಗೆ ಕರೆದೊಯ್ದು, ಕೀಲೆಣ್ಣೆ ಹಚ್ಚಲೆಂದು ಯಾರೋ ಬಿಚ್ಚಿಟ್ಟ ಬಂಡಿಗಾಲಿಯ ನಡುವಿನ ಗುಂಬದ ತೂತಿನಲ್ಲಿ ಬೆರಳಿಟ್ಟರು.

"ಹಿಂದಕ ಸಂಸ್ಕೃತದಾಗ ಇದಕ್ಕ ಖ ಅಂತಿದ್ರು. ತೂತು, ಬಯಲು. ಆಮ್ಯಾಲ ಆಕಾಶಕ್ಕೂ ಅದ ಹೆಸರಾತು. ಆಕಾಶದ ಗೋಳ ಖಗೋಳ, ಅದನ್ನ ಓದಾವರು ಖಗೋಳ ವಿಜ್ಞಾನಿ. ಖದಾಗ ಹೋಗೂದು ಖಗ, ಅಂದ್ರ ಹಕ್ಕಿ."

ಬೆರಳಿಗೆ ಹತ್ತಿದ ಕೀಲೆಣ್ಣೆಯನ್ನು ಸೆರಗಿಗೇ ಒರೆಸಿಕೊಂಡರು.

ವಾರ ಕಳೆದ ಮೇಲೆ ಸಾಲೆಯ ತಪಾಸಣೆಗೆ ಸಾಹೇಬರು ಬಂದರು. ನನ್ನ ವಹಿ ಓದಿ ನಕ್ಕರು.

"ಖ ಅಂದ್ರ ಆಕಾಶ ಅಂತ! ಏನ್ರಿ ಅಕ್ಕೋರ, ಖಗ ಅಂದ್ರ ಹಕ್ಕಿ. ಹಕ್ಕಿ ಹಾರೂ ಗೋಳ ಖಗೋಳ. ಇಷ್ಟೂ ಗೊತ್ತಿಲ್ಲೇನು?"

"ಈ ಹುಡುಗಿನ್ನ ಕೇಳ್ರಿ ಸಾಹೇಬ್ರ, ಪೂರಾ ಹೇಳ್ತಾಳ" ಎಂದರು ಅಕ್ಕೋರು. ಅಷ್ಟು ನಂಬಿಕೆ ನನ್ನ ಮೇಲೆ.

ಸಾಹೇಬರು ನನ್ನತ್ತ ತಿರುಗಿದರು. "ಹೇಳವಾ, ಖಗ ಅಂದ್ರೇನು?"

"ಹಕ್ಕಿರಿ."

ಸುಳ್ಳೇನಲ್ಲ. ಉಳಿದ ಅರ್ಧ ನಾಲಿಗೆಯ ತುದಿಯಲ್ಲೇ ಇತ್ತು. ಸಾಹೇಬರ ಮುಖ ನೋಡಿ ನುಂಗಿಕೊಂಡೆ, ಕೋಲೆಬಸವನಂತೆ ತಲೆ ಆಡಿಸಿದೆ. ಅವರು "ಬರೊಬ್ಬರಿ" ಎಂದು ಬೆನ್ನು ತಟ್ಟಿದರು. ಅಕ್ಕೋರು ನನ್ನನ್ನೇ ನೋಡುತ್ತಿದ್ದರು... ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

ತಪ್ಪು ಕಲಿಸುತ್ತಾರೆಂದು ಸಾಹೇಬರು ಬರೆದು ಹೋದರು. ಜೂನ್‌ನಲ್ಲಿ ಬೇರೆ ಅಕ್ಕೋರು ಬಂದರು. ದೊಡ್ಡವಳಾದ ಮೇಲೆ, ಕ್ಷಮೆ ಕೇಳೋಣವೆಂದು ಆ ಹಳೆಯ ಅಕ್ಕೋರನ್ನು ಹುಡುಕಿದೆ. ಮುಳುಗಿದ ಊರಿನವರು ದಿಕ್ಕಿಗೊಬ್ಬರಾಗಿದ್ದರು. ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತೆಂದು ಕೊನೆಗೆ ಯಾರೋ ಹೇಳಿದರು. ಸಾಹೇಬರಿಗೆ ಮಾತ್ರ ಬಡ್ತಿ ಸಿಕ್ಕಿತ್ತಂತೆ. ಸಿಗದೇ ಏನು?

ಈಗ ನಾನೂ ಸಾಲೆಯಲ್ಲಿ ಕಲಿಸುತ್ತೇನೆ. ನನ್ನದು ಕಾಯಂ ನೌಕರಿ.

ಮೊನ್ನೆ ಆ ಗುಂಬದ ತೂತನ್ನೇ ನೋಡುತ್ತ ನಿಂತಿದ್ದೆ. ರೈತ ತಲೆ ಎತ್ತಿ, "ಏನ್ ನೋಡಾಕತ್ತೀರಿ ಅಕ್ಕೋರ?" ಎಂದ.

"ಏನಿಲ್ಲೋ ಯಪ್ಪಾ" ಎಂದೆ. ತೂತಿನಲ್ಲಿ ಏನೂ ಇಲ್ಲವೆಂಬುದು ಸುಳ್ಳೇನಲ್ಲ, ಆದರೆ ಮತ್ತೆ ಅರ್ಧವನ್ನೇ ಹೇಳಿದ್ದೆ.